ಮನೆಯಲ್ಲಿ ತುಳು ನಿಲ್ಲಿಸಿದ್ದು

ನನ್ನ ಮಗಳಿಗೆ ಎಂತ ಆಗಿದೆ ಎಂದು ಕೇಳುವವರಿಗೆ ಹೇಳಲು ನನ್ನ ಹತ್ತಿರ ಒಂದು ಹೆಸರು ಇಲ್ಲ. ಸಕ್ಕರೆ ಕಾಯಿಲೆಗೆ ಹೆಸರು ಉಂಟು, ಉಬ್ಬಸಕ್ಕೆ ಉಂಟು. ನಮಗೆ ಉಡುಪಿಯಲ್ಲಿ ಒಂದು ಹೆಸರು ಹೇಳಿದರು. ಮಣಿಪಾಲದಲ್ಲಿ ಒಬ್ಬರು ಅದನ್ನು ತೆಗೆದು ಇನ್ನೊಂದು ಇಟ್ಟರು. ಮತ್ತೊಬ್ಬರು ಎರಡರದ್ದೂ ಸ್ವಲ್ಪ ಸ್ವಲ್ಪ ಇರಬಹುದು ಎಂದರು. ಅವಳಿಗೆ ಈಗ ಎಂಟು ವರ್ಷ. ಪ್ರತಿ ಸಲವೂ ಕೊನೆಗೆ ಸಿಗುವ ಮಾತು ಒಂದೇ, ‘ದೊಡ್ಡವಳಾಗಲಿ, ನೋಡೋಣ.’

ಆ ಹೆಸರಿನ ಚಿಂತೆ ನನಗೆ ಈಗ ಕಡಿಮೆಯಾಗಿದೆ. ನಾನು ಬರೆಯಲು ಕೂತದ್ದು ನನ್ನ ಅಮ್ಮನ ಮತ್ತು ನನ್ನ ಮಗಳ ವಿಷಯ. ಆ ಮಗುವಿಗೆ ತನ್ನವರು ಅಂತ ಇದ್ದದ್ದು ನನ್ನ ಅಮ್ಮ ಒಬ್ಬಳೇ. ನಾನು ಅಪ್ಪ, ನನ್ನ ಹೆಂಡತಿ ಹೆತ್ತವಳು, ಆದರೂ ನಾವು ಎತ್ತಿಕೊಂಡರೆ ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿಸುತ್ತಿದ್ದಳು. ಅಮ್ಮನ ಹತ್ತಿರ ಮಾತ್ರ ತಾನಾಗಿ ಹೋಗುತ್ತಿದ್ದಳು. ಹಾಗಿದ್ದ ಒಂದು ಜನ ಅವಳ ಕೈಯಿಂದ ಹೇಗೆ ಹೋಯಿತು, ತಿರುಗಿ ಸಿಗುತ್ತದಾ ಇಲ್ಲವಾ ಎಂಬುದೇ ನನ್ನ ಸಂಕಟ.

ನಮ್ಮ ಮನೆ ಶಂಕರಪುರದಿಂದ ಸ್ವಲ್ಪ ಒಳಗೆ. ಈ ಕಡೆ ಗಂಡಸರು ಯಾವ ಕೆಲಸಕ್ಕೆ ಹೋದರೂ ಮನೆಯ ಹೆಂಗಸರು ಮಲ್ಲಿಗೆ ಬಿಡುವುದಿಲ್ಲ. ಅಂಗಳದಲ್ಲಿ ನಮ್ಮದೂ ಕೆಲವು ಗಿಡ ಉಂಟು. ಬೆಳಿಗ್ಗೆ ಮೊಗ್ಗು ಕೊಯ್ದು ತಂದು ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಬಾಳೆಯ ನಾರಿನಲ್ಲಿ ಕಟ್ಟುತ್ತಿದ್ದಳು. ಹೂ ತೆಗೆದುಕೊಳ್ಳುವವನು ಬರುವುದರೊಳಗೆ ಮುಗಿಯಬೇಕು. ಲೆಕ್ಕ ತಪ್ಪದಿರಲಿ ಎಂದು ಅಮ್ಮ ಬಾಯಿಬಿಟ್ಟು ಎಣಿಸುತ್ತಿದ್ದಳು. ಒಂಜಿ, ರಡ್ಡ್, ಮೂಜಿ, ನಾಲ್ ಎಂದು ಹತ್ತರ ತನಕ, ಮತ್ತೆ ಮೊದಲಿನಿಂದ. ನಮ್ಮ ಮನೆಮಾತು ತುಳು. ಅಮ್ಮನಿಗೆ ಕನ್ನಡ ಕಿವಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಬರಬೇಕಾದ ಅಗತ್ಯವೂ ಬಿದ್ದಿರಲಿಲ್ಲ. ಪಂಚಾಯತಿಗೆ ಹೋದರೆ ತುಳುವಿನಲ್ಲಿ ಕೇಳುತ್ತಾಳೆ, ಅವರೂ ತುಳುವಿನಲ್ಲೇ ಹೇಳುತ್ತಾರೆ.

ಮಗಳು ಆ ಎಣಿಕೆಗೆ ಬಂದು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಯಾರ ಮುಖವನ್ನೂ ನೋಡದ ಮಗು ಅಮ್ಮನ ತುಟಿಯನ್ನು ಕೆಳಗಿನಿಂದ ನೋಡುತ್ತಾ ಇರುತ್ತಿದ್ದಳು. ಹತ್ತು ಬರುವಾಗ ಅಮ್ಮ ಗಲ್ಲವನ್ನು ಸ್ವಲ್ಪ ಎತ್ತಿ ‘ಪತ್ತ್’ ಎನ್ನುತ್ತಿದ್ದಳು. ಆಗ ಮಗಳು ನಗುತ್ತಿದ್ದಳು. ಎರಡು ವರ್ಷ ದಾಟಿದರೂ ಅಪ್ಪ ಎನ್ನಲಿಲ್ಲ, ಅಮ್ಮ ಎನ್ನಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಆ ನಗು ಒಂದು ಇತ್ತು.

ಮಿಕ್ಸಿ ಹಾಕಿದರೆ ಕಿರುಚಿ ಗೋಡೆಯ ಮೂಲೆಗೆ ಹೋಗಿ ಸೇರುವಳು. ಚಪ್ಪಲಿ ಇಟ್ಟ ಜಾಗ ಬದಲಾದರೆ ಅನ್ನ ಮುಟ್ಟುತ್ತಿರಲಿಲ್ಲ. ಸಿಟ್ಟು ಬಂದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುವಳು. ಮೊದಲು ನಾವು ಹಠ ಎಂದುಕೊಂಡೆವು. ಆಮೇಲೆ ದೃಷ್ಟಿ ಎಂದುಕೊಂಡು ಉಪ್ಪು ಮೆಣಸು ತಲೆಗೆ ಸುಳಿದು ಒಲೆಗೆ ಹಾಕಿದ್ದಾಯಿತು, ಪೆರ್ಡೂರಿನ ದೇವರಿಗೆ ಬಾಳೆಹಣ್ಣಿನ ಹರಕೆ ಹೇಳಿಕೊಂಡದ್ದಾಯಿತು.

ಕಾಪುವಿನ ಒಂದು ಹಾಲ್‌ನಲ್ಲಿ ಸಂಬಂಧಿಕರ ಮದುವೆ. ಧಾರೆಯ ಹೊತ್ತಿಗೆ ವಾಲಗದವರು ಒಮ್ಮೆಲೇ ಜೋರಾಗಿ ಊದಿದರು. ಮಗಳು ಕುರ್ಚಿಗಳ ಅಡಿಗೆ ನುಗ್ಗಿ ಬೊಬ್ಬೆ ಹಾಕಿದಳು. ಎಳೆದುಕೊಳ್ಳಲು ಹೋದ ನನ್ನ ಹೆಂಡತಿಯ ಕೈಯಲ್ಲಿ ಹಲ್ಲಿನ ಗುರುತು ಎದ್ದಿತು. ಹಿಂದಿನ ಸಾಲಿನಲ್ಲಿದ್ದ ಚಿಕ್ಕಮ್ಮ ಒಬ್ಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, “ಒಬ್ಬಳೇ ಮಗಳು ಅಂತ ತಲೆಯ ಮೇಲೆ ಕೂರಿಸಿದ್ದಾರೆ. ನಾವೆಲ್ಲ ಮಕ್ಕಳನ್ನು ಸಾಕಲಿಲ್ವಾ? ಎರಡು ಬಿಗಿದರೆ ಸರಿಯಾಗ್ತದೆ.”

ಅಮ್ಮ ಎದ್ದು ನಿಂತು ಅವರಿಗೆ ತುಳುವಿನಲ್ಲೇ ಕೊಟ್ಟಳು. ಕನ್ನಡದಲ್ಲಿ ಬರೆದರೆ ಹೀಗೆ: “ನಿನ್ನ ಮಗ ಏಳು ವರ್ಷದ ತನಕ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುತ್ತಿದ್ದ. ಅದನ್ನು ನಾನು ಯಾವ ಹಾಲ್‌ನಲ್ಲಿ ಹೇಳಿದ್ದೇನೆ ಹೇಳು, ನೋಡುವ.”

ಆಮೇಲೆ ಕುರ್ಚಿಯ ಅಡಿಗೆ ತಾನೇ ಬಗ್ಗಿ ಮಗುವನ್ನು ಹೊರಗೆ ತೆಗೆದು, ಸೆರಗಿನೊಳಗೆ ಮುಚ್ಚಿಕೊಂಡು, ಬಸ್ಸುಗಳು ನಿಂತಿದ್ದ ಕಡೆಗೆ ಹೋದಳು. ನಾನು ಹಿಂದೆಯೇ ಹೋದೆ. ಒಂದು ಬಸ್ಸಿನ ನೆರಳಿನಲ್ಲಿ ನಿಂತು ಅಮ್ಮ ಹೂವಿಲ್ಲದೆಯೇ ಎಣಿಸುತ್ತಿದ್ದಳು. ಮಗುವಿನ ಉಸಿರು ನಿಧಾನವಾಗಿ ಇಳಿಯಿತು. “ನೀವು ಊಟ ಮಾಡಿ ಬನ್ನಿ, ಇವಳನ್ನು ನಾನು ನೋಡಿಕೊಳ್ಳುತ್ತೇನೆ” ಎಂದಳು. ಆ ದಿನ ಅಮ್ಮನಿಗೆ ಮದುವೆಯ ಊಟ ಇಲ್ಲ.

ನನ್ನ ಕೆಲಸ ಸೆಂಟ್ರಿಂಗ್. ಮನೆಗೆ ತಾರಸಿ ಹಾಕುವ ಮೊದಲು ಕಾಂಕ್ರೀಟನ್ನು ಹೊತ್ತು ನಿಲ್ಲುವ ಹಲಗೆ, ಕಂಬಗಳನ್ನು ಕೊಟ್ಟು ನಿಲ್ಲಿಸುವ ಕೆಲಸ. ಆರನೆಯ ಕ್ಲಾಸಿಗೆ ಶಾಲೆ ಬಿಟ್ಟು ಹಲಗೆ ಹೊರಲು ಹೋದವನು ಈಗ ಸ್ವಂತ ಜನ ಇಟ್ಟುಕೊಂಡು ಮಾಡಿಸುತ್ತೇನೆ. ನಾನು ನಿಲ್ಲಿಸಿದ ಕಂಬ ಇದುವರೆಗೆ ಜಾರಲಿಲ್ಲ. ಕೆಲಸ ಹೇಳಿದರೆ ಅರ್ಧ ಮಾಡಿ ಬಿಡುವ ಜನ ನಾನಲ್ಲ. ಇದನ್ನು ಹೇಳುವುದು ಯಾಕೆಂದರೆ, ಮಗಳ ವಿಷಯದಲ್ಲಿ ನನಗೆ ಯಾರೂ ಒಂದು ಕೆಲಸ ಹೇಳುತ್ತಿರಲಿಲ್ಲ. ಮಣಿಪಾಲದಲ್ಲಿ ಕಿವಿ ಪರೀಕ್ಷೆ ಮಾಡಿದರು, ಸರಿ ಉಂಟು ಎಂದರು. ತಲೆಗೆ ವಯರು ಅಂಟಿಸಿ ನೋಡಿದರು, ಅದೂ ಸರಿ. ಆಟದ ಸಾಮಾನು ಹರಡಿ ಕೂರಿಸಿ ನೋಡಿದರು. ಒಬ್ಬ ಡಾಕ್ಟರು ಆಟಿಸಂ ಇರಬಹುದು ಎಂದರು. ಮುಂದಿನ ಸಲ ಇದ್ದ ಡಾಕ್ಟರು, “ಹಾಗೆ ಹೇಳಲಿಕ್ಕೆ ಆಗುವುದಿಲ್ಲ, ಇವಳು ನಗುತ್ತಾಳಲ್ಲ, ಬೆಳವಣಿಗೆ ನಿಧಾನ ಇರಬಹುದು, ಚಂಚಲತೆಯೂ ಉಂಟು” ಎಂದರು.

“ಹಾಗಾದರೆ ನಾವು ಎಂತ ಮಾಡಬೇಕು ಸರ್?” ಎಂದು ನಾನು ಕೇಳಿದೆ.

“ನೀವು ಧೈರ್ಯವಾಗಿರಿ” ಎಂದರು.

ಧೈರ್ಯ ಕೆಲಸ ಅಲ್ಲ ಎಂದು ಹೇಳಬೇಕೆಂದಿದ್ದೆ. ಹೆಂಡತಿ ನನ್ನ ಅಂಗಿಯ ತೋಳು ಹಿಡಿದು ಎಳೆದಳು.

ಆಮೇಲೆ ಯಾರೋ ಹೇಳಿದರೆಂದು ಉಡುಪಿಯಲ್ಲಿ ಮಾತು ಕಲಿಸುವ ಒಬ್ಬರು ಟೀಚರ ಹತ್ತಿರ ಹೋದೆವು. ಒಂದು ಅಂಗಡಿಯ ಮೇಲಿನ ಕೋಣೆ, ಗೋಡೆಯ ತುಂಬ ಹಣ್ಣು, ಪ್ರಾಣಿಗಳ ಚಿತ್ರ. ಸಣ್ಣ ಪ್ರಾಯದವರು, ಮಗುವಿನ ಹತ್ತಿರ ಒಳ್ಳೆಯದಾಗಿಯೇ ಇದ್ದರು. ಮನೆಯಲ್ಲಿ ಮಗುವಿನ ಕಿವಿಗೆ ಯಾವ ಯಾವ ಭಾಷೆ ಬೀಳುತ್ತದೆ ಎಂದು ಕೇಳಿದರು. ಹೆಂಡತಿ ಹೇಳಿದಳು, ನಾವು ತುಳು, ಪಕ್ಕದ ಮನೆಯ ಬಾಯಮ್ಮ ಎತ್ತಿಕೊಂಡು ಹೋಗುವಾಗ ಕೊಂಕಣಿ, ಟೀವಿ ಕನ್ನಡ, ಫೋನಿನಲ್ಲಿ ಹಾಡು ಇಂಗ್ಲಿಷ್, ಒಮ್ಮೊಮ್ಮೆ ಹಿಂದಿ.

“ಪಾಪ, ಮಗು ಯಾವುದನ್ನು ಅಂತ ಹಿಡಿಯುವುದು? ಒಂದೇ ಮಾಡಿ” ಎಂದರು ಟೀಚರು.

“ತುಳುವಾ?” ಎಂದೆ.

“ನಾಳೆ ಶಾಲೆಯಲ್ಲಿ ತುಳು ನಡೆಯುತ್ತದಾ? ಕನ್ನಡ ಮಾಡಿ. ಮನೆಯಲ್ಲಿ ಎಲ್ಲರೂ. ನಡುವೆ ಬೇರೆ ಸೇರಿಸಬೇಡಿ.”

ಅಂತೂ ಒಬ್ಬರು ನನಗೆ ಮಾಡಲು ಒಂದು ಕೆಲಸ ಕೊಟ್ಟಿದ್ದರು. ಮೆಟ್ಟಿಲು ಇಳಿಯುವಾಗ ನನಗೆ ಎದೆ ಹಗುರಾಗಿತ್ತು. ಅದೇ ಸಂಜೆಯಿಂದ ಮಗಳ ಎದುರು ಮನೆಯಲ್ಲಿ ತುಳು ಇಲ್ಲ ಎಂದು ನಾನು ನಿಲ್ಲಿಸಿದೆ.

ಹೊರಗಿನವರಿಗೆ ಇದು ಸಣ್ಣ ವಿಷಯ ಅನಿಸಬಹುದು. ನಮಗೆ ಕನ್ನಡ ಬರುವುದಿಲ್ಲ ಎಂದಲ್ಲ. ಅದು ನಮಗೆ ಶಾಲೆಯ ಭಾಷೆ, ಬ್ಯಾಂಕಿನ ಭಾಷೆ, ಭಾಷಣದ ಭಾಷೆ. ಅದರಲ್ಲಿ ನಾವು ಯಾರಿಗೂ ಬೈದವರಲ್ಲ, ಯಾರನ್ನೂ ಮುದ್ದು ಮಾಡಿದವರಲ್ಲ. ಹೆಂಡತಿ ಮಗುವಿಗೆ ಅನ್ನ ಕಲಸಿಕೊಂಡು “ಬಾಯಿಯನ್ನು ತೆರೆ, ಮಗಳೇ” ಎನ್ನುವಾಗ ಅವಳಿಗೇ ನಗು ಬರುತ್ತಿತ್ತು. ಆಮೇಲೆ ನಗು ನಿಂತಿತು. “ಮಾರಾಯ್ರೆ, ನಾನು ಇವಳನ್ನು ಹೆತ್ತವಳ ಹಾಗೆ ಅಲ್ಲ, ಟೀಚರ ಹಾಗೆ ಮಾತಾಡ್ತಾ ಇದ್ದೇನೆ” ಎಂದು ಒಮ್ಮೆ ಹೇಳಿದಳು. ಗಂಡ ಹೆಂಡತಿ ಜಗಳ ಮಾಡಬೇಕಾದರೆ ನಾವು ಬಾವಿಕಟ್ಟೆಗೆ ಹೋಗಿ ತುಳುವಿನಲ್ಲಿ ಮುಗಿಸಿಕೊಂಡು ಬರುತ್ತಿದ್ದೆವು. ಪಕ್ಕದ ಬಾಯಮ್ಮನಿಗೂ ಹೇಳಿದೆ. ಅವರು ಬೇಸರಿಸಿಕೊಂಡು ಮಗುವನ್ನು ಕರೆಯುವುದನ್ನೇ ಬಿಟ್ಟರು.

ನನ್ನ ಹತ್ತಿರ ಬಾಗಲಕೋಟೆ ಕಡೆಯ ಒಬ್ಬ ಕೆಲಸದವನಿದ್ದಾನೆ, ಬಹಳ ವರ್ಷದವನು. ಅವನಿಗೆ ಸುದ್ದಿ ಸಿಕ್ಕಿತು. ಹಲಗೆಗೆ ಎಣ್ಣೆ ಹಚ್ಚುತ್ತಾ ಕೇಳಿದ, “ಏನ್ರೀ ಸಾವ್ಕಾರ್ರ, ಮನ್ಯಾಗ ಕನ್ನಡ ಸುರು ಮಾಡೀರಂತ?”

“ಹೌದು. ಮಗುವಿಗೆ ಮಾತು ಕಲಿಸುವ ಟೀಚರು ಹೇಳಿದ್ದಾರೆ.”

“ಮಾಡ್ರಿ ಮಾಡ್ರಿ. ಆದ್ರ ನಿಮ್ಮ ಕನ್ನಡ ಪುಸ್ತಕ ಓದಿದಂಗ ಐತಲ್ರೀ. ಕೂಸು ಕನ್ನಡ ಕಲೀತೈತೋ, ಪಾಠ ಕಲೀತೈತೋ?” ಎಂದು ನಕ್ಕ. ಆಮೇಲೆ ಎಣ್ಣೆಯ ಬಟ್ಟೆ ಕೆಳಗಿಟ್ಟು, “ಮತ್ತ ದೊಡ್ಡವ್ವಾರು? ಅವ್ರಿಗೆ ಕನ್ನಡ ಬರೂದಿಲ್ಲಲ್ರೀ” ಎಂದ.

“ನಿನ್ನ ಕೆಲಸ ನೋಡು” ಎಂದೆ.

ಅಮ್ಮನಿಗೆ ಮೊದಲ ದಿನವೇ ಹೇಳಿಯಾಗಿತ್ತು. ಅವಳು ಹೂವಿನ ಬುಟ್ಟಿಯನ್ನು ಮಡಿಲಿನಲ್ಲಿ ಇಟ್ಟುಕೊಂಡು ಪೂರ್ತಿ ಕೇಳಿದಳು. “ಹಾಗಾದರೆ ನಾನು ಎಂತ ಮಾಡುವುದು?” ಎಂದಳು.

“ಮಗುವಿನ ಎದುರು ಮಾತನಾಡಬೇಡ ಅಮ್ಮಾ. ಸ್ವಲ್ಪ ಸಮಯ. ಅವಳಿಗೆ ಮಾತು ಬರುವ ತನಕ.”

“ಎಣಿಸುವುದು?”

“ಅದೂ ತುಳುವೇ ಅಲ್ವಾ?”

ಅಮ್ಮ ತಲೆಯಾಡಿಸಿದಳು. ನನ್ನ ಅಮ್ಮನಿಗೆ ನನಗಿಂತ ಹಠ ಹೆಚ್ಚು. ಒಪ್ಪಿಕೊಂಡ ಮೇಲೆ ಒಂದು ದಿನವೂ ತಪ್ಪಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟವನು ಜಗಲಿಯಲ್ಲಿ ನಿಂತೆ. ಅಮ್ಮ ಕಟ್ಟುತ್ತಿದ್ದಳು, ತುಟಿ ಮಾತ್ರ ಅಲ್ಲಾಡುತ್ತಿತ್ತು, ಸ್ವರ ಇಲ್ಲ. ಮಗಳು ತೊಡೆಯ ಮೇಲೆ ಮಲಗಿ ಕಾಯುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕೈ ಎತ್ತಿ ಅಮ್ಮನ ತುಟಿಯ ಮೇಲೆ ಬೆರಳಿಟ್ಟಳು. ತುಟಿಯನ್ನು ಬಿಡಿಸಲು ನೋಡಿದಳು. ಅಮ್ಮ ಬಾಯಿ ಗಟ್ಟಿ ಮುಚ್ಚಿಕೊಂಡು ನನ್ನ ಕಡೆ ನೋಡಿದಳು. ನಾನು ಬೇಡ ಎಂದು ತಲೆಯಾಡಿಸಿದೆ. ಮಗಳು ಗಲ್ಲ ಹಿಡಿದು ಮೇಲಕ್ಕೆತ್ತಿದಳು, ಕೆಳಗೆ ಇಳಿಸಿದಳು, ಮತ್ತೆ ಎತ್ತಿದಳು. ಬಾಯೊಳಗೆ ಬೆರಳು ಹಾಕಿದಳು. ಏನೂ ಬರಲಿಲ್ಲವಾದ್ದರಿಂದ ಅಮ್ಮನ ಕೆನ್ನೆಗೆ ಹೊಡೆದಳು. ಹೂವಿನ ಬುಟ್ಟಿ ಅಂಗಳಕ್ಕೆ ಬಿತ್ತು. ಅಮ್ಮ ಮೊಗ್ಗು ಹೆಕ್ಕುತ್ತಿದ್ದಳು, ಕಣ್ಣು ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ. ನಾನು ಬೈಕ್ ತೆಗೆದುಕೊಂಡು ಹೊರಟೆ. ಆ ದಿನ ಕಾಂಕ್ರೀಟ್ ಇತ್ತು.

ಹೀಗೆ ಎಷ್ಟೋ ಬೆಳಿಗ್ಗೆ ನಡೆಯಿತೆಂದು ಹೆಂಡತಿ ಹೇಳುತ್ತಾಳೆ. ಆಮೇಲೆ ಮಗಳು ಜಗಲಿಗೆ ಬರುವುದನ್ನು ಬಿಟ್ಟಳು.

ಒಂದು ದಿನ ಅಮ್ಮ ಬಟ್ಟೆಯ ಚೀಲ ಕಟ್ಟಿಕೊಂಡು, “ನಾನು ಕುಕ್ಕುಂದೂರಿಗೆ ಹೋಗುತ್ತೇನೆ” ಎಂದಳು. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ನನ್ನ ತಂಗಿಯ ಮನೆ. ನಮ್ಮಲ್ಲಿ ತಾಯಿ ಮಗಳ ಮನೆಯಲ್ಲಿ ಇರುವುದು ಮರ್ಯಾದೆಗೆ ಕಡಿಮೆಯಲ್ಲ, ಊರಿನವರು ಕೇಳುವುದೂ ಇಲ್ಲ. ಅದೇ ನನಗೆ ಸುಲಭವಾಯಿತು. ಯಾವಾಗ ಬರುತ್ತಿ ಎಂದು ಕೇಳಿದ್ದಕ್ಕೆ, “ಬಂದು ಮೂಕಿಯ ಹಾಗೆ ಕೂರುವುದಾ? ಅವಳಿಗೆ ಮಾತು ಬರಲಿ” ಎಂದಳು.

ಮಾತು ಬಂತು. ಅದನ್ನು ನಾನು ಹೇಳಲೇಬೇಕು. ನಾಲ್ಕು ದಾಟಿದ ಮೇಲೆ ‘ಬೇಡ’ ಬಂತು, ‘ನೀರು’ ಬಂತು. ಟೀವಿಯಲ್ಲಿ ಬರುವ ಸೋಪಿನ ಜಾಹೀರಾತು ಪೂರ್ತಿ ಬಂತು. ಐದು ವರ್ಷಕ್ಕೆ ನಾನು ಬೈಕ್ ನಿಲ್ಲಿಸುವಾಗ ಬಾಗಿಲಲ್ಲಿ ನಿಂತು, “ಅಪ್ಪ ಬಂದರು” ಎಂದಳು. ನನ್ನನ್ನು ನೋಡಿ ಹೇಳಿದ್ದಲ್ಲ, ಬೈಕನ್ನು ನೋಡಿ ಹೇಳಿದ್ದು. ಆದರೂ ಆ ದಿನ ನಾನು ಕೆಲಸದವರಿಗೆಲ್ಲ ಚಾ ತಿಂಡಿ ಕೊಡಿಸಿದೆ. ಬಾಗಲಕೋಟೆಯವನಿಗೆ, “ನೋಡಿದೆಯಾ, ನನ್ನ ಪುಸ್ತಕದ ಕನ್ನಡ?” ಎಂದೆ. ಅವನು, “ಆತ್ರಿ, ನೀವು ಗೆದ್ರಿ” ಎಂದ.

ಹಬ್ಬಕ್ಕೆ, ತಿಥಿಗೆ ಅಮ್ಮ ಬಂದರೂ ಹಗಲು ಕಳೆದು ಹೋಗುವುದರೊಳಗೆ ವಾಪಸು ಹೋಗುತ್ತಿದ್ದಳು. ಮಗಳು ಅವಳನ್ನು ದೂರದಿಂದ ಹಾದುಹೋಗುತ್ತಿದ್ದಳು. ಅಮ್ಮ ಏನೂ ಹೇಳದೆ ಚೀಲದಿಂದ ಬಿಸ್ಕತ್ತು ತೆಗೆದು ಕಟ್ಟೆಯ ಮೇಲಿಟ್ಟು ಮುಖ ತಿರುಗಿಸುವಳು. ಯಾರೂ ನೋಡದಿರುವಾಗ ಮಗಳು ಬಂದು ಅದನ್ನು ತೆಗೆದುಕೊಂಡು ಹೋಗುವಳು.

ಶಾಲೆಗೆ ಸೇರಿಸಿದ ಮೇಲೆ ತೊಂದರೆ ಬೇರೆ ಬಗೆಯದಾಯಿತು. ಬೆಲ್ ಹೊಡೆದರೆ ಕಿವಿ ಮುಚ್ಚಿ ಮೇಜಿನ ಅಡಿಗೆ ಹೋಗುತ್ತಾಳೆ, ಮಕ್ಕಳ ಜೊತೆ ಸೇರುವುದಿಲ್ಲ, ಒಮ್ಮೆ ಒಂದು ಹುಡುಗಿಯನ್ನು ಕಚ್ಚಿದಳು. ಕ್ಲಾಸಿನ ಟೀಚರು ಒಳ್ಳೆಯವರು, “ಒಂದು ಸಲ ಪುನಃ ತೋರಿಸಿಕೊಂಡು ಬನ್ನಿ” ಎಂದರು. ಹಾಗೆ ಕಳೆದ ವರ್ಷ ಮತ್ತೆ ಮಣಿಪಾಲಕ್ಕೆ ಹೋದೆವು.

ಈ ಸಲ ಇದ್ದವರು ಪ್ರಾಯ ಆದ ಒಬ್ಬರು ಡಾಕ್ಟರಮ್ಮ. ಹಳೆಯ ಹೆಸರುಗಳನ್ನೆಲ್ಲ ಓದಿದರು, ಹೊಸದು ಒಂದನ್ನು ಹೇಳಿದರು, ಅದೂ ಖಚಿತ ಅಲ್ಲ ಎಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆಮೇಲೆ ಮನೆಯ ವಿಷಯ ಕೇಳಿದರು. ಮಗು ಸಣ್ಣದಿರುವಾಗ ಯಾರ ಹತ್ತಿರ ಹೆಚ್ಚು ಇರುತ್ತಿದ್ದಳು? ಹೆಂಡತಿ ಅಮ್ಮನ ವಿಷಯ ಹೇಳಿದಳು. ಈಗ ಅಜ್ಜಿ ಎಲ್ಲಿ? ಹೆಂಡತಿ ನನ್ನ ಮುಖ ನೋಡಿದಳು. ನಾನು ಹೇಳಿದೆ, ಕನ್ನಡ ಒಂದೇ ಮಾಡಿದ್ದೇವೆ, ಅಮ್ಮನಿಗೆ ತುಳು ಮಾತ್ರ, ಹಾಗಾಗಿ ತಂಗಿಯ ಮನೆಯಲ್ಲಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ತುಳುವಿಗೆ ತಿರುಗಿದರು. ಅವರೂ ನಮ್ಮ ಕಡೆಯವರೇ. ಇದರ ಅಗತ್ಯ ಇರಲಿಲ್ಲ, ಎರಡು ಭಾಷೆ ಕೇಳಿದರೆ ಇಂಥ ಮಕ್ಕಳಿಗೆ ಹಾನಿ ಆಗುವುದಿಲ್ಲ, ಮನೆಯವರಿಗೆ ಯಾವುದರಲ್ಲಿ ಪ್ರೀತಿ ಮಾಡಲು ಬರುತ್ತದೋ ಅದರಲ್ಲಿ ಮಾತನಾಡಬೇಕು ಎಂದರು. “ನಿಮಗೆ ಇದನ್ನು ಯಾರು ಹೇಳಿದ್ದು?”

ಆ ಸಣ್ಣ ಪ್ರಾಯದ ಟೀಚರ ಮುಖ ನನಗೆ ನೆನಪಾಯಿತು. “ಯಾರೂ ಹೇಳಲಿಲ್ಲ, ನಾನೇ ಮಾಡಿದ್ದು” ಎಂದೆ.

ಹೊರಗೆ ಬಂದು ಬಸ್ಸಿಗೆ ಕಾದೆವು. ನಾನು ತಪ್ಪು ಮಾಡಿದೆ ಎಂದು ಹೆಂಡತಿಯೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈಗಲೂ ಹೇಳುವುದಿಲ್ಲ. ಕಲಿತವರು ಹೇಳಿದ ಕೆಲಸವನ್ನು ಪೂರ್ತಿ ಮಾಡಿದೆ. ‘ಅಪ್ಪ ಬಂದರು’ ಎಂಬ ಮಾತು ಅದರಿಂದ ಬಂತಾ, ಅದು ಇಲ್ಲದಿದ್ದರೂ ಬರುತ್ತಿತ್ತಾ ಎಂದು ಯಾರ ಹತ್ತಿರ ಕೇಳುವುದು? ಬಸ್ಸು ಬಂದಾಗ ಹೆಂಡತಿ ಮಗಳ ಕೈ ಹಿಡಿದು, ತುಳುವಿನಲ್ಲಿ, “ಬಲ ಮಗಾ” ಎಂದಳು. ಮಗಳು ಕೈ ಕೊಸರಿಕೊಂಡು, “ಬಾ ಅಂತ ಹೇಳಿ” ಎಂದಳು.

ಆ ಆದಿತ್ಯವಾರ ನಾನು ಕುಕ್ಕುಂದೂರಿಗೆ ಹೋದೆ. ತಂಗಿಯ ಮನೆಯ ಹೊರಗೆ ಚಪ್ಪಲಿ ಬಿಡುವಾಗ ಒಳಗೆ ಯಾರೋ ಕನ್ನಡದಲ್ಲಿ ಮಾತನಾಡುವುದು ಕೇಳಿತು. “ಏನಮ್ಮಾ, ಸೌಖ್ಯವಾಗಿದ್ದೀಯಾ? ಊಟ ಆಯಿತೇ?” ಸೀರಿಯಲ್ ಹಾಕಿದ್ದಾರೆ ಎಂದುಕೊಂಡೆ. ಒಳಗೆ ಹೋದರೆ ಅಮ್ಮ. ತಂಗಿಯ ಮಗಳನ್ನು ಎದುರು ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳು. ನನ್ನನ್ನು ನೋಡಿ ನಾಚಿಕೊಂಡಳು.

ತಂಗಿ ಹೇಳಿದಳು, “ಇಲ್ಲಿಗೆ ಬಂದಾಗಿನಿಂದ ಇದೇ ಅಣ್ಣ. ಸೀರಿಯಲ್ ನೋಡಿ ನೋಡಿ ಕಲಿತಿದ್ದಾಳೆ. ಮೊನ್ನೆ ಹಾಲಿನವನಿಗೆ ‘ನಿಮ್ಮ ಕುಟುಂಬಕ್ಕೆ ಒಳ್ಳೆಯದಾಗಲಿ’ ಅಂದಳು. ಅವನು ಹೆದರಿ ಹೋದ.”

ನಾನು ಅಮ್ಮನಿಗೆ ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಇನ್ನು ತುಳು ಮಾತನಾಡಬಹುದು, ಬಾ, ಹೋಗುವ ಎಂದೆ. ಅಮ್ಮ ಬಹಳ ಹೊತ್ತು ಸೀರೆಯ ಅಂಚನ್ನು ಮಡಚುತ್ತಾ ಕೂತಳು.

“ಆಗ ಬೇಡ ಅಂದಿ, ಈಗ ಬೇಕು ಅನ್ನುತ್ತಿ” ಎಂದಳು. “ಈಗ ನನ್ನ ತುಳು ಅವಳಿಗೆ ಎಲ್ಲಿ ಗೊತ್ತು? ನನಗೆ ಅವಳದ್ದು ಸ್ವಲ್ಪ ಬರುತ್ತದೆ. ಅದನ್ನೇ ಆಡುತ್ತೇನೆ.”

ಅದೇ ದಿನ ಕರೆದುಕೊಂಡು ಬಂದೆ. ಬಟ್ಟೆ ಎಲ್ಲ ಕಟ್ಟಿಸಿಯೇ ತಂದೆ, ಇನ್ನು ಹೋಗುವುದಕ್ಕಿಲ್ಲ ಎಂದು. ಮನೆಯಲ್ಲಿ ಹೆಂಡತಿ ಅಮ್ಮನ ಮಂಚ ಬಿಸಿಲಿಗೆ ಹಾಕಿ ತೆಗೆದಿದ್ದಳು. ಅಮ್ಮ ಕೈಕಾಲು ತೊಳೆದು ಜಗಲಿಯಲ್ಲಿ ಕೂತು, ಸಂಜೆಯ ಪೂಜೆಗೆ ಗಿಡದಲ್ಲಿ ಉಳಿದಿದ್ದ ನಾಲ್ಕು ಹೂ ಕಟ್ಟಲು ತೊಡಗಿದಳು. ಹೆಂಡತಿ ಮೆಲ್ಲಗೆ, “ಎಣಿಸಿ ಅತ್ತೆ, ಒಮ್ಮೆ ನೋಡುವ” ಎಂದಳು. ಅಮ್ಮ ಒಂಜಿ, ರಡ್ಡ್ ಎಂದಳು. ಒಳಗೆ ಇದ್ದ ಮಗಳು ಕಿವಿಯ ಮೇಲೆ ಕೈಯಿಟ್ಟುಕೊಂಡು ಹಿಂದಿನ ಕೋಣೆಗೆ ಹೋದಳು. ಗೊತ್ತಿಲ್ಲದ ಸ್ವರಕ್ಕೆ ಅವಳು ಹಾಗೆಯೇ ಮಾಡುವುದು. ಅಮ್ಮ ನಿಲ್ಲಿಸಿದಳು. ಮತ್ತೆ ಎಣಿಸಲಿಲ್ಲ.

ದೀಪ ಹೊತ್ತಿಸುವ ಹೊತ್ತಿಗೆ ಮಗಳು ತಾನಾಗಿ ಬಂದಳು. ಜಗಲಿಯ ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ ನಿಂತು ಅಮ್ಮನ ಬಟ್ಟೆಯ ಚೀಲವನ್ನು ನೋಡಿದಳು. ಅಮ್ಮ ಕೈಯಲ್ಲಿದ್ದ ನಾರು ಕೆಳಗಿಟ್ಟು, ಕಲಿತುಕೊಂಡು ಬಂದದ್ದನ್ನು ನಿಧಾನವಾಗಿ ಹೇಳಿದಳು, “ಏನಮ್ಮಾ, ಸೌಖ್ಯವಾಗಿದ್ದೀಯಾ?”

ಮಗಳು ಚೀಲದ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು, “ನೀವು ಯಾವಾಗ ಹೋಗುವುದು?”

ಮನೆಗೆ ಬಂದ ನೆಂಟರನ್ನೆಲ್ಲ ಅವಳು ಕೇಳುವುದು ಇದನ್ನೇ. ಉತ್ತರ ಸಿಗುವ ತನಕ ಕದಲುವುದಿಲ್ಲ. ಸಿಕ್ಕಿದರೆ ಸಮಾಧಾನ. ಆದರೆ ಹೇಳಿದ್ದು ಹೇಳಿದ ಹಾಗೆ ಆಗಬೇಕು. ಒಮ್ಮೆ ನನ್ನ ಭಾವ ನಾಳೆ ಎಂದು ಹೇಳಿ ಇನ್ನೊಂದು ದಿನ ಉಳಿದದ್ದಕ್ಕೆ ಗೋಡೆಗೆ ತಲೆ ಬಡಿದುಕೊಂಡು ಹಣೆ ಒಡೆದುಕೊಂಡಿದ್ದಳು. ನಾನು ಅಮ್ಮನಿಗೆ ಇದನ್ನು ದಾರಿಯಲ್ಲಿ ಹೇಳಬೇಕಿತ್ತು, ಹೇಳಿರಲಿಲ್ಲ. ನೆಂಟರನ್ನು ಕೇಳುವ ಪ್ರಶ್ನೆಯನ್ನು ಅಮ್ಮನಿಗೆ ಕೇಳುತ್ತಾಳೆ ಎಂದು ನನ್ನ ಮನಸ್ಸಿಗೆ ಬಂದಿರಲಿಲ್ಲ.

ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಉತ್ತರ ಕೊಟ್ಟಾಗಿತ್ತು. ಬರುವ ಕನ್ನಡದಲ್ಲಿ ಹುಡುಕಿ, ಸಿಕ್ಕಿದ ಒಂದನ್ನು ಹೇಳಿದಳು.

“ನಾಳೆ ಹೋಗುತ್ತೇನೆ, ಮಗಾ.”

“ನಾಳೆ” ಎಂದಳು ಮಗಳು. ಚೌಕಟ್ಟಿನಿಂದ ಬೆನ್ನು ತೆಗೆದು, ಜಗಲಿಗೆ ಬಂದು, ಅಮ್ಮನಿಂದ ಒಂದು ಮೊಳ ದೂರದಲ್ಲಿ ಕೂತಳು.

ಹೆಂಡತಿ ಅಡುಗೆಮನೆಯಲ್ಲಿ ನನ್ನ ಹತ್ತಿರ ಬಾಯಿಗೆ ಸೆರಗು ಹಿಡಿದು ಅತ್ತಳು. “ಹೇಗಾದರೂ ಮಾಡಿ ನಿಲ್ಲಿಸಿಕೊಳ್ಳುವ. ಎರಡು ದಿನ ಬೊಬ್ಬೆ ಹಾಕಲಿ, ಆಮೇಲೆ ಸರಿಯಾಗುತ್ತಾಳೆ” ಎಂದಳು. ನನಗೂ ಹಾಗೇ ಅನಿಸಿತ್ತು. ಅಮ್ಮ ಒಪ್ಪಲಿಲ್ಲ. ವಿಷಯ ತಿಳಿಸಿ ಹೇಳಿದ ಮೇಲೆ, “ನಾನು ಅವಳಿಗೆ ಕೊಟ್ಟ ಮೊದಲನೆಯ ಮಾತು ಅದು. ಅದನ್ನೇ ಸುಳ್ಳು ಮಾಡಲಾ?” ಎಂದಳು.

ಮರುದಿನ ಉಡುಪಿಗೆ ಬಂದು ಕಾರ್ಕಳದ ಬಸ್ಸು ಹತ್ತಿದೆವು. ಹೊರಡುವಾಗ ಮಗಳು ಅಂಗಳದ ತನಕ ಬಂದಿದ್ದಳು. ಚೀಲ ನನ್ನ ಕೈಯಲ್ಲಿರುವುದನ್ನು ನೋಡಿ ಸರಿ ಎಂಬಂತೆ ಒಳಗೆ ಹೋದಳು.

ಬಸ್ಸಿನಲ್ಲಿ ಅಮ್ಮನ ಮುಖ ನೋಡಲು ನನಗೆ ಧೈರ್ಯ ಇರಲಿಲ್ಲ. ಅವಳೇ ನನ್ನ ಮೊಣಕೈಯನ್ನು ತಿವಿದಳು. “ಕೇಳಿದೆಯಾ ನೀನು? ಪೂರ್ತಿ ಒಂದು ಮಾತು ಹೇಳಿದಳು. ನೀವು ಯಾವಾಗ ಹೋಗುವುದು, ಅಂತ. ಬೇರೆ ಯಾರ ಹತ್ತಿರವೂ ಅಲ್ಲ, ನನ್ನ ಹತ್ತಿರ.” ಅವಳು ಖುಷಿಯಲ್ಲೇ ಇದ್ದಳು. ಎಲ್ಲರನ್ನೂ ಅವಳು ಹಾಗೆಯೇ ಕೇಳುವುದು ಎಂದು ನಿನ್ನೆ ಹೇಳಿದ್ದನ್ನು ಮತ್ತೆ ನೆನಪಿಸಲು ನನಗೆ ಮನಸ್ಸಾಗಲಿಲ್ಲ. “ಹೌದಮ್ಮ” ಎಂದೆ.

ಹಿರಿಯಡ್ಕ ದಾಟಿದ ಮೇಲೆ ಕೇಳಿದಳು, “ನಾಳೆಯ ಮಾರನೆಯ ದಿನಕ್ಕೆ ಕನ್ನಡದಲ್ಲಿ ಎಂತ ಹೇಳುವುದು?”

“ನಾಡಿದ್ದು.”

“ಒಂದು ವಾರ ಅಂದರೆ ಅವಳು ಒಪ್ಪುವಳಾ?”

“ಇಲ್ಲ ಅಮ್ಮಾ. ಮನೆಯಲ್ಲಿ ಜನ ಅಷ್ಟು ದಿನ ಇದ್ದರೆ ಅವಳಿಗೆ ಆಗುವುದಿಲ್ಲ.”

“ಹಾಗಾದರೆ ಮುಂದಿನ ಸಲ ಬಂದಾಗ ‘ನಾಡಿದ್ದು’ ಎಂದು ಹೇಳುತ್ತೇನೆ” 
ಎಂದು, ಮರೆತುಹೋಗದಿರಲಿ ಎಂಬಂತೆ ಕಿಟಕಿಯ ಕಡೆ ತಿರುಗಿ ಅದನ್ನು ಬಾಯಿಯೊಳಗೆ ಹೇಳಿಕೊಳ್ಳುತ್ತಾ ಕೂತಳು.